ಬ್ಯಾಟರಿ ಕೋಣೆಯ ಗೋಡೆ

ನವೆಂಬರ್ 14, 1858. ಭಾನುವಾರ. ಪೋರ್ತ್‌ಗಾರಾ

ಇವತ್ತೂ ಇಂಕು ಹೆಪ್ಪುಗಟ್ಟಿತ್ತು. ಒಲೆಯ ಅಂಚಿನಲ್ಲಿಟ್ಟು ಕರಗಿಸಿಕೊಂಡು ಕೂತೆ. ಭಾನುವಾರ ಗೆರೆ ಎಳೆಯುತ್ತೀಯಾ ಎಂದು ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಆದರೆ ಮಂಗಳವಾರದ ಟಪಾಲಿಗೆ ಕಂಪನಿಗೆ ಪ್ಲಾನ್ ಹೋಗಬೇಕು. ಅಣ್ಣ ಗೀಚಿಕೊಟ್ಟಿದ್ದನ್ನು ಅಳೆದು, ತಿದ್ದಿ, ಮಸಿಯಲ್ಲಿ ಬರೆಯುವುದು ನನ್ನ ಪಾಲು. ಕೆಳಗಿನ ಮೂಲೆಯಲ್ಲಿ ಅವನ ಸಹಿ — ಆಂಬ್ರೋಸ್ ವೈಬ್ರೋ, ಇಂಜಿನಿಯರ್. ಅಪ್ಪ ಅಮ್ಮ ಹೋದಾಗಿನಿಂದ, ಹನ್ನೆರಡು ವರ್ಷ, ಹೀಗೇ. ಬೇಸರವಿಲ್ಲ.

ಫ್ರಾನ್ಸಿನಿಂದ ಸಮುದ್ರದಡಿಯಲ್ಲಿ ಬರುವ ಟೆಲಿಗ್ರಾಫ್ ಕೇಬಲ್ ಈ ಕೊಲ್ಲಿಯಲ್ಲೇ ದಡ ಹತ್ತಲಿ ಎಂದು ಅಣ್ಣನ ಮನಸ್ಸು. ಪಕ್ಕದ ಕೊಲ್ಲಿಯ ತಳ ಪೂರ್ತಿ ಬಂಡೆ. ಉಜ್ಜಿ ಉಜ್ಜಿ ಹರಿದುಹೋಗುತ್ತದೆ. ಇಲ್ಲಿ ಮರಳು. ಹಡಗುಗಳು ಲಂಗರು ಹಾಕುವುದೂ ಕಡಿಮೆ.

ಊಟದ ಹೊತ್ತಿಗೆ ಅಣ್ಣ ಮನೆಯೊಡತಿಯನ್ನು ಕೇಳಿದ, ಕೇಬಲ್ ಬಂದರೆ ಊರಿನವರಿಗೆ ಹೇಗನಿಸುತ್ತೆ ಎಂದು. ಇವಳು ಕೆಜಿಯಾ ಟ್ರೆಂಬಾತ್. ವಿಧವೆ. ನನಗಿಂತ ಮೂರು ವರ್ಷ ಚಿಕ್ಕವಳು. ಗಂಡನನ್ನು ಸಮುದ್ರ ತೆಗೆದುಕೊಂಡಿತು. ಮೇಲಿನ ಎರಡು ಕೋಣೆ ನಮಗೆ ಬಾಡಿಗೆಗೆ ಕೊಟ್ಟಿದ್ದಾಳೆ. ಚಾಪೆಲ್ಲಿನಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಾಳೆ.

"ಫ್ರಾನ್ಸಿನೋರು ಏನಂತಾರೆ ಅಂತ ಅಷ್ಟು ಬೇಗ ತಿಳ್ಕೊಂಡು ನಾವೇನ್ ಮಾಡೋದು ಸಾಹೇಬ್ರೇ? ನಮ್ಮ ಉಪದೇಶಿ ಏನಂತಾರೆ ಅನ್ನೋದೇ ನಮಗಿನ್ನೂ ತಿಳಿದಿಲ್ಲ."

ಅಣ್ಣ ನಕ್ಕ. ಬಾಯಲ್ಲಿದ್ದುದು ಹೊರಗೆ ಬರುವಷ್ಟು. ಅವನು ಹಾಗೆ ನಗುವುದನ್ನು ಕೇಳಿರಲೇ ಇಲ್ಲ. ಅಷ್ಟು ನಗುವಂಥದ್ದೇನಿತ್ತು, ಗೊತ್ತಾಗಲಿಲ್ಲ.

ಡಿಸೆಂಬರ್ 2

ಕಂಪನಿ ಒಪ್ಪಿದೆ. ಮರಳಿನ ಮೇಲ್ತುದಿಯಲ್ಲಿ ಸಣ್ಣ ಕಲ್ಲಿನ ಗುಡಿಸಲು — ಕೇಬಲ್ ನೀರಿನಿಂದ ಬಂದು ಅಲ್ಲಿ ತಲೆಯೆತ್ತುತ್ತದೆ. ಅಲ್ಲಿಂದ ನೆಲ ಅಗೆದು, ಗುಡ್ಡದ ಮೇಲಿನ ಸ್ಟೇಷನ್ನಿಗೆ. ಸ್ಟೇಷನ್ನು, ಮೇಲ್ವಿಚಾರಕರ ಮನೆ ಒಂದೇ ಸೂರಿನಡಿ. ಮೇಲ್ವಿಚಾರಕ ಅಣ್ಣನೇ. ಕಟ್ಟಿ ಮುಗಿಸಿ ಹೊರಡುವುದಲ್ಲ ಈ ಸಲ. ಇರುವುದು.

ಎಲ್ಲ ಊರಲ್ಲೂ ಬಾಡಿಗೆ ಕೋಣೆ, ಬೇರೆಯವರ ಮಂಚ, ಬೇರೆಯವರ ಪಿಂಗಾಣಿ. ಈಗ ಸ್ವಂತದ ಗೋಡೆ.

"ನಿನ್ನ ಕೋಣೆ ಹೇಗ್ ಬೇಕೋ ಹಾಗೆ ಬರ್ಕೋ ಹೆಸ್ಟರ್," ಅಂದ ಅಣ್ಣ.

ಬರೆದೆ. ಮಹಡಿಯಲ್ಲಿ ಅಲ್ಲ, ಕೆಳಗೇ. ದೊಡ್ಡ ಕೋಣೆ. ಉತ್ತರಕ್ಕೆ ಎತ್ತರದ ಕಿಟಕಿ, ಗೆರೆ ಎಳೆಯುವ ಮೇಜಿಗೆ ನೆರಳಿಲ್ಲದ ಬೆಳಕು. ಪಶ್ಚಿಮಕ್ಕೆ ಸಮುದ್ರ. ಮಹಡಿಯ ಕೋಣೆ ಅಣ್ಣನಿಗೆ. ಬ್ಯಾಟರಿ ಕೋಣೆ ಅಂಗಳದ ಆಚೆ, ಮನೆಯಿಂದ ದೂರ. ವಿದ್ಯುತ್ತು ಹುಟ್ಟಿಸುವ ಆಮ್ಲದ ಜಾಡಿಗಳ ಹೊಗೆ ಒಳ್ಳೆಯದಲ್ಲ. ಹಿಂದಿನ ಸ್ಟೇಷನ್ನಿನಲ್ಲಿ ಜಾಡಿಗಳ ಪಕ್ಕ ಮಲಗುತ್ತಿದ್ದ ಗುಮಾಸ್ತ ಚಳಿಗಾಲ ಮುಗಿಯುವುದರೊಳಗೆ ಕೆಮ್ಮಿ ಕೆಮ್ಮಿ ಕೆಲಸ ಬಿಟ್ಟಿದ್ದ.

ಆ ಕಿಟಕಿಯನ್ನು ಮೂರು ಸಲ ಬರೆದೆ. ಖುಷಿಗೆ.

ಡಿಸೆಂಬರ್ 11

ಅಣ್ಣ ಈಗ ಸಂಜೆ ಮೇಲಕ್ಕೇ ಬರುವುದಿಲ್ಲ. ಅಡುಗೆಮನೆಯಲ್ಲಿ ಕೂತು ಅವಳಿಗೆ ಟರ್ನಿಪ್ ಸುಲಿದುಕೊಡುತ್ತಾನೆ. ಪ್ಯಾಸ್ಟಿಗೆ, ಒಳಗೆ ತುಂಬಿ ಬೇಯಿಸುವ ಕಡುಬಿಗೆ. ಮನೆಯಲ್ಲಿ ಒಂದು ಲೋಟ ಎತ್ತಿಟ್ಟವನಲ್ಲ.

ಇಳಿದು ಹೋದೆ, ನೀರು ಬೇಕೆಂದು. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ಇವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಕೇಬಲ್ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ.

"ನೀವು ಎಳೆದ್ರೆ ನಂಗೆ ಗೊತ್ತಾಗುತ್ತೆ. ಇದಕ್ಕೆ ಲಂಡನ್ನಿಂದ ದುಡ್ಡು ಬರ್ಬೇಕಿತ್ತಾ?" ಅಂದಳು ಅವಳು.

"ಎಳೆಯೋದಲ್ಲ ಕೆಜಿಯಾ —"

ಕೆಜಿಯಾ. ಮಿಸೆಸ್ ಟ್ರೆಂಬಾತ್ ಯಾವಾಗ ಹೋದಳೋ.

ಇದೇ ಪಾಠ ನನಗೂ ಮಾಡಿದ್ದ. ಹಗ್ಗ ಕೊಟ್ಟಿರಲಿಲ್ಲ. ಪುಸ್ತಕ ಕೊಟ್ಟಿದ್ದ.

ನೀರು ತಗೊಳ್ಳದೆ ಮೇಲೆ ಬಂದೆ.

ಡಿಸೆಂಬರ್ 27

ಕ್ರಿಸ್‌ಮಸ್ ಕಳೆಯಿತು. ಕೇಸರಿ ಬನ್ನು ಚೆನ್ನಾಗಿ ಮಾಡುತ್ತಾಳೆ, ಒಪ್ಪಲೇಬೇಕು. ಅಣ್ಣ ನನಗೆ ಕೊಟ್ಟದ್ದು ಗೆರೆ ಎಳೆಯುವ ಪೆನ್ನುಗಳ ಹೊಸ ಸೆಟ್. ಜರ್ಮನಿಯದು. ಅವಳಿಗೆ ಕೊಟ್ಟದ್ದು ಹೆಬ್ಬೆರಳುದ್ದದ ಕೇಬಲ್ ತುಂಡು, ಎರಡು ಕಡೆ ಹಿತ್ತಾಳೆಯ ಟೊಪ್ಪಿಗೆ ಹಾಕಿಸಿ. ಯಾವ ಕೆಲಸಕ್ಕೂ ಬಾರದ್ದು.

ನನಗೆ ಕೆಲಸಕ್ಕೆ ಬರುವಂಥದ್ದು.

ಫೆಬ್ರವರಿ 6, 1859

ಹೇಳಿದ. ಗುಡ್ಡದ ಮೇಲೆ, ಅಡಿಪಾಯದ ಗೆರೆಗಳ ನಡುವೆ ನಿಂತು. ಗಾಳಿಗೆ ಟೋಪಿ ಹಿಡಿದುಕೊಂಡು.

"ಈಸ್ಟರ್ ಆದ ಮೇಲೆ ಕೆಜಿಯಾನ ಮದ್ವೆ ಆಗ್ತಾ ಇದೀನಿ."

ಒಳ್ಳೆಯದು ಅಂದೆ. ಬಾಯಿ ಸರಿಯಾಗಿ ಆಡಿತು.

"ನೀನು ನಮ್ಮ ಜೊತೇನೇ ಇರ್ತೀಯ. ಅದರಲ್ಲಿ ಮಾತೇ ಇಲ್ಲ."

ನಮ್ಮ ಜೊತೆ. ಇಷ್ಟು ದಿನ ಆ 'ನಮ್ಮ'ದ ಒಳಗೆ ನಾನಿದ್ದೆ.

ಆಮೇಲೆ, ಸ್ವಲ್ಪ ದೂರ ನಡೆದ ಮೇಲೆ — ಮಹಡಿಯ ಕೋಣೆ ಇಬ್ಬರಿಗೆ ಸಾಲದು, ಮೆಟ್ಟಿಲೂ ಕಡಿದು. ಕೆಳಗಿನ ದೊಡ್ಡ ಕೋಣೆ ತಮಗಿಬ್ಬರಿಗಾದರೆ... ಮಹಡಿಯಲ್ಲಿ ಗುಮಾಸ್ತರು ಇರಲಿ. ನಿನಗೆ ಅಡುಗೆಮನೆಯ ಹಿಂದೆ ಒಂದು ಬರೆದುಕೋ. ಒಲೆಯ ಬಿಸಿ ಇರುತ್ತೆ. ಚಳಿಗೆ ಹಾಯಾಗಿರುತ್ತೆ.

"ನೀನೇ ಬದಲಾಯಿಸಿಬಿಡ್ತೀಯಲ್ಲ? ನಿನ್ನಷ್ಟು ನೀಟಾಗಿ ನನಗೆ ಬರಲ್ಲ."

ಫೆಬ್ರವರಿ 9

ಬದಲಾಯಿಸಿದೆ. ಚಾಕುವಿನಿಂದ ಕಾಗದ ಕೆರೆದು ನನ್ನ ಹೆಸರು ತೆಗೆದೆ. ಅಡುಗೆಮನೆಯ ಹಿಂದೆ ಒಂದು ಚೌಕ. ಕಿಟಕಿ ಪೂರ್ವಕ್ಕೆ, ಕೋಳಿಗೂಡಿನ ಕಡೆ.

ಅಳಲಿಲ್ಲ. ಕೆರೆದ ಜಾಗದಲ್ಲಿ ಇಂಕು ಹರಡುತ್ತದೆ, ಹುಷಾರಾಗಿರಬೇಕು.

ಫೆಬ್ರವರಿ 17

ಅಣ್ಣ ಲಂಡನ್‌ನಲ್ಲಿ. ಕೇಬಲ್ ತಯಾರಾಗುವುದನ್ನು ನೋಡಲು. ಕಂಪನಿಯಿಂದ ಕಾಗದ — ಬ್ಯಾಟರಿಗೂ ಸಂದೇಶದ ಯಂತ್ರವಿಡುವ ಕೋಣೆಗೂ ನಡುವಿನ ತಂತಿ ಆದಷ್ಟು ಗಿಡ್ಡ ಮಾಡಿ, ಖರ್ಚು ಉಳಿಸಿ.

ಗಿಡ್ಡ ಮಾಡಬಹುದಿತ್ತು, ಹತ್ತು ರೀತಿಯಲ್ಲಿ. ನಾನು ಅಂಗಳದ ಆಚೆಯಿದ್ದ ಬ್ಯಾಟರಿ ಕೋಣೆಯನ್ನು ತೆಗೆದು ಮನೆಗೇ ಅಂಟಿಸಿದೆ. ದೊಡ್ಡ ಮಲಗುವ ಕೋಣೆಯ ಗೋಡೆಯ ಆಚೆ ಬದಿಗೆ. ಮಂಚದ ತಲೆ ಬರುವ ಗೋಡೆ. ಒಂದೇ ಇಟ್ಟಿಗೆ ದಪ್ಪ.

ತಿಳಿದೇ ಮಾಡಿದೆ. ಜರ್ಮನ್ ಪೆನ್ನು ತುಂಬಾ ಚೆನ್ನಾಗಿ ಓಡುತ್ತದೆ.

ಮಾರ್ಚ್ 3

ಅಣ್ಣ ಬಂದ. ಅವಳಿಗೆ ನೀಲಿ ರೇಷ್ಮೆ ತಂದಿದ್ದಾನೆ. ಪ್ಲಾನ್ ಮುಂದಿಟ್ಟೆ. ಬೆರಳಿಟ್ಟು ನೋಡಿದ.

"ಬ್ಯಾಟರಿ ಇಲ್ಲಿಗೆ ತಂದ್ಯಾ? ಭೇಷ್. ಅರ್ಧಕ್ಕರ್ಧ ತಂತಿ ಉಳೀತು."

ಸಹಿ ಹಾಕಿದ. ಅವನು ತಂತಿ ನೋಡಿದ. ಮಂಚ ನೋಡಲಿಲ್ಲ.

ಮಾರ್ಚ್ 22

ಗೋಡೆಗಳು ಎದೆಮಟ್ಟಕ್ಕೆ ಬಂದಿವೆ. ಗಾರೆ ಮೇಸ್ತ್ರಿ ಪಾಸ್ಕೋ ನಿಧಾನದವನು, ಆದರೆ ಗೋಡೆ ನೇರ.

ಮಧ್ಯಾಹ್ನ ಅವಳು ಕೆಲಸದವರಿಗೆ ಪ್ಯಾಸ್ಟಿ ತಂದಳು. "ನನ್ನ ಕೋಣೆ ಯಾವುದು ಮಿಸ್ಸಮ್ಮ, ತೋರಿಸಿ." ತೋರಿಸಿದೆ. ಸೂರಿಲ್ಲದ ಕೋಣೆಯ ನಡುವೆ ನಿಂತು ಎರಡೂ ಕೈ ಚಾಚಿ ಒಂದು ಸುತ್ತು ತಿರುಗಿದಳು, ಬೂಟಿಗೆಲ್ಲ ಸುಣ್ಣ.

"ಸತ್ತ ಗಂಡನ ಮನೇಲಿ ಹೀಗೆ ಕೈ ಚಾಚಿದ್ರೆ ಎರಡೂ ಗೋಡೆ ಸಿಗ್ತಿತ್ತು. ಆ ಗೋಡೆ ಆಚೆ ಏನ್ ಬರುತ್ತೆ?"

"ಉಗ್ರಾಣ," ಅಂದೆ.

"ಒಳ್ಳೇದಾಯ್ತು. ಸದ್ದಿರಲ್ಲ."

ಪಾಸ್ಕೋ ನನ್ನನ್ನೊಮ್ಮೆ ನೋಡಿದ. ಕರಣಿ ತಿರುಗಿಸಿಕೊಂಡು ಕೆಲಸಕ್ಕೆ ಹೋದ.

ಏಪ್ರಿಲ್ 27

ಮದುವೆ ಆಯಿತು. ನೀಲಿ ರೇಷ್ಮೆ ಅವಳಿಗೆ ಒಪ್ಪುವುದಿಲ್ಲ. ಎಲ್ಲರೂ ಒಪ್ಪುತ್ತದೆ ಎಂದರು.

ಮೇ 16

ಹೊಸ ಮನೆಯಲ್ಲಿ. ಜಾಡಿಗಳು ಬಂದು ಕೂತಿವೆ, ಆಮ್ಲ ತುಂಬಿಸಿ ಪರೀಕ್ಷೆ ನಡೆದಿದೆ. ಗುಮಾಸ್ತರು ಕೇಬಲ್ ಬಂದ ಮೇಲೆ ಬರುತ್ತಾರೆ.

ಬೆಳಗ್ಗೆ ಅವಳ ಕಣ್ಣು ಕೆಂಪಗೆ. ಗಂಟಲು ಕಟ್ಟಿದೆ. ನಿನ್ನೆ ಚಾಪೆಲ್ಲಿನಲ್ಲಿ ಹಾಡಲಿಲ್ಲ. ಅಣ್ಣನೂ ಕೆಮ್ಮುತ್ತಾನೆ, ಆದರೆ ಅವನು ದಿನವಿಡೀ ಹೊರಗೆ.

"ಹಸಿ ಗಾರೆ," ಅಂದ ಅಣ್ಣ. "ಬೇಸಿಗೆ ಬಂದ್ರೆ ಒಣಗುತ್ತೆ. ಅಲ್ವಾ ಹೆಸ್ಟರ್?"

"ಹೌದು ಅಣ್ಣ. ಗಾರೆ."

ನನ್ನ ಕೋಣೆ ನಿಜವಾಗಿಯೂ ಬೆಚ್ಚಗಿದೆ. ನಿದ್ದೆ ಬರುತ್ತಿಲ್ಲ ಅಷ್ಟೇ.

ಮೇ 30

ಅಣ್ಣ ನಿನ್ನೆ ಪ್ಲಿಮತ್‌ಗೆ ಹೊರಟ. ಅಲ್ಲಿಂದ ಹಡಗು ಹತ್ತಿ ಫ್ರಾನ್ಸಿಗೆ, ಅಲ್ಲಿಂದ ಕೇಬಲ್ ಬಿಡುತ್ತಾ ಇಲ್ಲಿಗೆ. ಹನ್ನೆರಡು ದಿನ.

ಇವತ್ತು ಬೆಳಗ್ಗೆ ಕೋಳಿಗೆ ಕಾಳು ಹಾಕುತ್ತಿದ್ದೆ. ಅವಳು ಬಂದು ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತಳು.

"ಗೋಡೆ ಆಚೆ ಉಗ್ರಾಣ ಅಂದಿದ್ದೆ ನೀನು."

ಮಿಸ್ಸಮ್ಮ ಇಲ್ಲ. ನೀನು.

ಕಾಳು ಒಂದೇ ಕಡೆ ಬಿತ್ತು, ಕೋಳಿಗಳು ಕಚ್ಚಾಡಿದವು.

"ಜಾಡಿ ಒಳಗೆ ಹೊತ್ಕೊಂಡು ಹೋಗೋವಾಗ್ಲೇ ಗೊತ್ತಾಯ್ತು ನಂಗೆ. ಪಾಸ್ಕೋನ ಕೇಳಿದೆ. ಮೊದಲಿನ ಪ್ಲಾನಲ್ಲಿ ಅಂಗಳದಾಚೆ ಇತ್ತು ಅಂದ. ಯಾರ ಕೋಣೆ ಎಲ್ಲಿತ್ತು ಅಂತಾನೂ ಹೇಳ್ದ."

"ಅಣ್ಣಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಂಬ್ತಿರಲಿಲ್ಲ, ನಾನು ಚಾಡಿಗಾತಿ ಆಗ್ತಿದ್ದೆ. ನಂಬಿದ್ರೆ ನಿನ್ನ ಕಳಿಸ್ತಿದ್ದ, ಆಮೇಲೆ ಜನ್ಮಪೂರ್ತಿ ಮುಖ ಸಪ್ಪೆ ಮಾಡ್ಕೊಂಡಿರ್ತಿದ್ದ. ಎರಡ್ರಲ್ಲೂ ನಂಗೆ ನಷ್ಟ." ಕೆಮ್ಮಿದಳು. ಬಹಳ ಹೊತ್ತು. "ನಮ್ಮ ಮೊದಲ್ನೇ ಅತ್ತೆ ನನ್ನ ಹಾಸಿಗೆ ಸೂರು ಸೋರೋ ಕಡೆ ಹಾಕಿದ್ಲು. ನಿಂದು ಹೊಸ ಥರ. ನಾನಾಗಿದ್ರೆ ಕಕ್ಕಸೇ ತಂದು ಅಂಟಿಸ್ತಿದ್ದೆ."

ನಕ್ಕಳು. ನನಗೆ ನಗು ಬರಲಿಲ್ಲ. ಬರಬಾರದೆಂದು ಹಲ್ಲು ಕಚ್ಚಿದ್ದೆನೋ ಏನೋ.

"ತಡ್ಕೊಂಡಿರ್ತಿದ್ದೆ ಹೆಸ್ಟರ್, ಛಲಕ್ಕೆ. ಆದ್ರೆ ಈಗ ಒಬ್ಬಳೇ ಅಲ್ಲ ನಾನು."

ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಅವಳ ಕೈ ನೋಡಿದೆ, ಮುಖ ನೋಡಿದೆ.

"ಹಾಗೆ ಮನಸ್ಸಲ್ಲೇ ಲೆಕ್ಕ ಹಾಕ್ಬೇಡ. ಮದ್ವೆಗಿಂತ ಒಂಚೂರು ಮುಂಚೆ ಇರ್ಬಹುದು. ನಿಮ್ಮಣ್ಣಂಗೇ ಇನ್ನೂ ಗೊತ್ತಿಲ್ಲ. ಆರು ವರ್ಷ ಬಾಳಿದೆ ಮೊದಲ್ನೇ ಗಂಡನ ಜೊತೆ, ಒಂದೂ ನಿಲ್ಲಲಿಲ್ಲ. ಇದು ನಿಲ್ಬೇಕು." ಎದ್ದಳು. "ನೀನೇ ಬರ್ದಿದ್ದು. ನೀನೇ ಅಳಿಸು."

ನನಗೆ ಮೊದಲು ಹೇಳಿದಳು. ಅಣ್ಣನಿಗಿಂತ ಮೊದಲು.

ಇದರಿಂದ ನನಗೆ ಯಾಕೆ ಒಂಥರಾ ಗೆಲುವು ಅನಿಸಬೇಕು? ನಾಚಿಕೆಗೇಡು.

ಮೇ 31

ಬೆಳಗ್ಗೆಯಿಂದ ಮೇಜು ಬಿಟ್ಟು ಎದ್ದಿಲ್ಲ. ಅಂಗಳದ ಆಚೆ ಹಳೆಯ ಕುರಿಕೊಟ್ಟಿಗೆಯ ಮೂರು ಗೋಡೆ ಇನ್ನೂ ನಿಂತಿವೆ. ನಾಲ್ಕನೆಯದು ಕಟ್ಟಿ, ಸೂರು ಹೊದಿಸಿ, ಮೇಲೆ ಗಾಳಿಗೆ ಕಿಂಡಿ ಬಿಟ್ಟರೆ ಸಾಕು. ತಂತಿ ಉದ್ದವಾಗುತ್ತದೆ. ಆಗಲಿ.

ಪಾಸ್ಕೋ ಕಾಗದ ತಿರುಗಿಸಿ ಮುರುಗಿಸಿ ನೋಡಿದ.

"ಸಾಹೇಬ್ರ ಸಹಿ ಎಲ್ಲಿ ಮಿಸ್ಸಮ್ಮ?"

"ಸಾಹೇಬ್ರು ಸಮುದ್ರದಲ್ಲಿದಾರೆ."

"ಸಹಿ ಇಲ್ದೆ ಕಲ್ಲು ಎತ್ತಲ್ಲ ನಾನು. ನಾಳೆ ಕಂಪನಿಯೋರು ನನ್ನ ಕುತ್ತಿಗೆಗೆ ಬರ್ತಾರೆ."

ಪೆನ್ನು ತಗೊಂಡೆ. ಮೂಲೆಯಲ್ಲಿ ಬರೆದೆ — ಹೆಸ್ಟರ್ ವೈಬ್ರೋ. ಕೆಳಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ, ಖಾಲಿ ಬಿಟ್ಟೆ.

"ಇದು ಸಾಕಾ?"

ಪಾಸ್ಕೋ ತಲೆ ಕೆರೆದುಕೊಂಡ. "ಕುತ್ತಿಗೆ ನಿಮ್ಮದಾದ್ರೆ ಸಾಕು."

ಅವಳನ್ನು ನನ್ನ ಕೋಣೆಗೆ ಕಳಿಸಿದೆ. ಹಾಸಿಗೆ ಅಡುಗೆಮನೆಯ ಬೆಂಚಿನ ಮೇಲೆ, ನನಗೆ.

ಜೂನ್ 8

ಹಡಗು ಎರಡು ದಿನ ಮುಂಚೆ ಬಂತು. ಗಾಳಿ ಅನುಕೂಲವಾಯಿತಂತೆ. ಕೊಟ್ಟಿಗೆಗೆ ಅರ್ಧ ಸೂರು. ಜಾಡಿಗಳು ಅಂಗಳದಲ್ಲಿ, ಒದ್ದೆ ಗೋಣಿಯಡಿ. ಯಂತ್ರದ ಕೋಣೆಗೆ ತಂತಿಯೇ ಇಲ್ಲ.

ಅಣ್ಣ ಸೊಂಟದವರೆಗೆ ಒದ್ದೆಯಾಗಿ ಗುಡ್ಡ ಹತ್ತಿದ. ಮರಳಿನಲ್ಲಿ ಊರೆಲ್ಲ ಸೇರಿ ಕೇಬಲ್ ಎಳೆಯುತ್ತಿದೆ. ಅವನ ಹಿಂದೆ ಕಂಪನಿಯ ನಿರ್ದೇಶಕರು, ಮಿಸ್ಟರ್ ಥರ್ಕೆಲ್. ಹೆಂಡತಿಯೊಂದಿಗೆ ಹಡಗಿನಲ್ಲೇ ಬಂದವರು.

ಅಣ್ಣ ಅಂಗಳ ನೋಡಿದ. "ಇದೇನಿದು? ಯಾರು ಹೇಳಿದ್ದು ಇದನ್ನ ಕಿತ್ತು ಹಾಕಕ್ಕೆ?"

"ನಾನು."

"ಯಾಕೆ?"

ಯೋಚಿಸಿಟ್ಟುಕೊಂಡಿದ್ದ ಮಾತು ಬೇರೆ ಇತ್ತು. ಅಳತೆ ತಪ್ಪಾಗಿತ್ತು ಎಂದು. ಬಾಯಿಗೆ ಬಂದದ್ದು ಇದು —

"ಆ ಹೊಗೆ ಅವಳ ಮಂಚಕ್ಕೆ ಹೋಗ್ಲಿ ಅಂತಾನೇ ನಾನು ಅಲ್ಲಿಟ್ಟಿದ್ದೆ ಅಣ್ಣ. ಹೊಟ್ಟೆಕಿಚ್ಚಿಗೆ. ನನ್ನ ಕೋಣೆ ನೀನು ಅವಳಿಗೆ ಕೊಟ್ಟೆ ಅಂತ."

ಕೆಜಿಯಾ ಬಾಗಿಲಲ್ಲಿ ನಿಂತಿದ್ದಳು.

ಅಣ್ಣ ನನ್ನ ಮುಖ ನೋಡಿದ. ಆಮೇಲೆ... ಮುಗುಳ್ನಕ್ಕ. ಮಗುವನ್ನು ನೋಡಿ ನಗುವಂತೆ. ಥರ್ಕೆಲ್ ಕಡೆ ತಿರುಗಿ, "ನನ್ನ ತಂಗಿಗೆ ಸುಸ್ತಾಗಿದೆ. ಒಬ್ಬಳೇ ಎಲ್ಲ ನೋಡ್ಕೊಂಡಿದಾಳೆ," ಅಂದ. ನನ್ನ ಭುಜ ತಟ್ಟಿದ. "ನಿಂಗೆ ಅದೆಲ್ಲ ಬರಲ್ಲ ಹೆಸ್ಟರ್. ತಂತಿ ಉಳಿಸಕ್ಕೆ ಹೋಗಿ ಎಡವಟ್ಟಾಗಿದೆ, ಅಷ್ಟೇ."

ಬೈದಿದ್ದರೆ ಚೆನ್ನಾಗಿತ್ತು. ನನ್ನ ಒಳಗೆ ಅಂಥದ್ದೊಂದು ಉರಿಯಬಹುದು ಎಂದೇ ಅವನಿಗೆ ಅನಿಸುವುದಿಲ್ಲ. ಕುರ್ಚಿಗೆ ಹೊಟ್ಟೆಕಿಚ್ಚು ಬರುತ್ತದೆಯೇ?

ಸಂಜೆಯವರೆಗೆ ಪಾಸ್ಕೋ, ಅವನ ಜನ, ನಾನು. ತಂತಿ ಎಳೆದದ್ದು ಅಣ್ಣ. ಕೆಜಿಯಾ ಎಲ್ಲರಿಗೂ ಟೀ ಕೊಟ್ಟಳು. ನನಗೆ ಸಕ್ಕರೆ ಜಾಸ್ತಿ ಹಾಕಿ.

ಜೂನ್ 10

ಯಂತ್ರದ ಮುಳ್ಳು ಅಲ್ಲಾಡಿತು. ಎಡಕ್ಕೆ, ಬಲಕ್ಕೆ. ಫ್ರಾನ್ಸು ಮಾತಾಡುತ್ತಿದೆ. ಜನ ಟೋಪಿ ತೆಗೆದರು. ಒಬ್ಬ ಮುದುಕ ಕೇಳಿದ, ಅವರಲ್ಲಿ ಮೀನಿಗೆ ರೇಟ್ ಎಷ್ಟಂತೆ.

ಊಟಕ್ಕೆ ಮುಂಚೆ ಥರ್ಕೆಲ್ ಕೊಟ್ಟಿಗೆ ಸುತ್ತಿ ಬಂದರು. ಕೈಯಲ್ಲಿ ನನ್ನ ಕಾಗದ, ಪಾಸ್ಕೋ ಹತ್ತಿರ ಇಸಿದುಕೊಂಡದ್ದು.

"ಹೊಗೆ ಮನೆಗೆ ಬರಲ್ಲ, ಆಮ್ಲ ಚೆಲ್ಲಿದ್ರೆ ಹರಿದು ಹೋಗಕ್ಕೆ ಕಾಲುವೆ ಬೇರೆ. ಈ ಯೋಚನೆ ಯಾರದು ವೈಬ್ರೋ?"

ಅಣ್ಣ ಒಂದು ಕ್ಷಣ ತಡೆದ. ಒಂದೇ ಕ್ಷಣ. "ನಂದೇ ಅನ್ನಿ. ತಂಗಿ ಬರೆದಿದ್ದಾಳೆ."

"ಅನ್ನಿ ಅಂದ್ರೇನು?" ಕೆಜಿಯಾ, ಆಲೂಗಡ್ಡೆ ಬಡಿಸುತ್ತಾ. "ನೀವು ಸಮುದ್ರದಲ್ಲಿ ವಾಂತಿ ಮಾಡ್ಕೊಳ್ತಿದ್ರಿ ಆಗ. ಅವಳ ಹೆಸರೇ ಇದೆಯಲ್ಲ ಕೆಳಗೆ."

ಥರ್ಕೆಲ್ ಕನ್ನಡಕ ಸರಿಸಿ ಮೂಲೆ ಓದಿದರು. ಆಚೆ ದಡದ ಫ್ರಾನ್ಸಿನ ಸ್ಟೇಷನ್ನು ಬಾಡಿಗೆ ಗೋಡೌನಿನಲ್ಲಿದೆಯಂತೆ, ಸೋರುತ್ತದಂತೆ. ಹೊಸದಕ್ಕೆ ಪ್ಲಾನ್ ಬೇಕು. ಅಲ್ಲಿನ ಇಂಜಿನಿಯರಿಗೆ ಕಟ್ಟಿಸಲು ಬರುತ್ತದೆ, ಬರೆಯಲು ಬರುವುದಿಲ್ಲ. "ಮಿಸ್ ವೈಬ್ರೋ ಮೂರು ನಾಲ್ಕು ತಿಂಗಳು ನಮ್ಮ ಜೊತೆ ಬರಬಹುದಾ? ನನ್ನ ಹೆಂಡತಿ ಇರ್ತಾಳೆ."

ನನ್ನನ್ನು ನೋಡಿ ಕೇಳಿದರು. ಅಣ್ಣನನ್ನು ನೋಡಿ ಅಲ್ಲ.

ಜೂನ್ 13

ಅಣ್ಣ ಮೂರು ದಿನದಿಂದ ಸರಿಯಾಗಿ ಮಾತಾಡಿಲ್ಲ. ಇವತ್ತು ತಿಂಡಿಗೆ ಕೂತಾಗ —

"ಅವರಿಗೇನು ಗೊತ್ತು. ಗೆರೆ ಎಳೆಯೋದೇ ದೊಡ್ಡದು ಅನ್ಕೊಂಡಿದಾರೆ. ಕೊಲ್ಲಿ ಹುಡುಕಿದ್ದು ಯಾರು? ಕೇಬಲ್ ತಂದಿದ್ದು ಯಾರು?"

"ನೀನೇ ಅಣ್ಣ."

"ಮತ್ತೆ?"

ಚಮಚ ಜೋರಾಗಿ ಇಟ್ಟ. ಮೊಟ್ಟೆ ಮುಟ್ಟಲಿಲ್ಲ. ಬಾಯಿಯ ಎರಡೂ ತುದಿ ಕೆಳಗೆ, ಕಣ್ಣು ಎಲ್ಲೋ. ಆ ಮುಖದ ಗುರುತು ಸಿಕ್ಕಿತು ನನಗೆ. ಕನ್ನಡಿಯಲ್ಲಿ ನವೆಂಬರಿನಿಂದ ನೋಡುತ್ತಿರುವ ಮುಖ.

ಪಾಪ ಅನಿಸಿತು. ಖುಷಿಯೂ ಆಯಿತು. ಯಾವುದು ಮೊದಲೋ.

ಜೂನ್ 15

ಮಗುವಿನ ವಿಷಯ ಕೆಜಿಯಾ ಅಣ್ಣನಿಗೆ ಹೇಳಿದ್ದಾಳೆ. ಅಣ್ಣ ಅಂಗಳದಲ್ಲಿ ಅತ್ತಿಂದಿತ್ತ ನಡೆದ, ಪಾಸ್ಕೋನ ಕೈ ಕುಲುಕಿದ, ಒಳಗೆ ಬಂದು ನನ್ನ ಮೇಜಿನ ಹತ್ತಿರ ನಿಂತ.

"ಈಗಂತೂ ನೀನು ಹೋಗೋ ಹಾಗಿಲ್ಲ. ಕೆಜಿಯಾಗೆ ನೀನು ಬೇಕು."

"ನಿನಗೆ?"

ಅರ್ಥವಾಗಲಿಲ್ಲ ಅವನಿಗೆ. "ನನಗೇನು? ಮನೆ ನಡೀಬೇಕಲ್ಲ."

ಅವನು ಹೋದ ಮೇಲೆ ಕೆಜಿಯಾ ಬಂದಳು. ಕೆಮ್ಮು ಕಡಿಮೆಯಾಗಿದೆ. ಬೆಳಗ್ಗೆ ಹಾಡುತ್ತಿದ್ದಳು, ದೇವರೇ ಕಾಪಾಡಬೇಕು.

"ನನಗೆ ಬೇಕು ಅಂದ್ನಾ? ನಾನು ಹಾಗೆ ಹೇಳೇ ಇಲ್ಲ. ನಮ್ಮಕ್ಕ ಬರ್ತಾಳೆ ಬಾಣಂತನಕ್ಕೆ. ನೀನು ಹೋಗು."

"ನನ್ನ ಸಾಗಹಾಕೋ ಅವಸರವಾ?"

"ಹೂಂ," ಅಂದಳು, ಮುಚ್ಚುಮರೆಯಿಲ್ಲದೆ. "ಅರ್ಧ ಅದು. ನೀನು ಎದುರಿಗಿದ್ರೆ ಅವನು ಒಂದೊಂದಕ್ಕೂ ಹೆಸ್ಟರ್ ಹಾಗೆ ಮಾಡ್ತಿದ್ಲು, ಹೆಸ್ಟರ್ ಹೀಗೆ ಇಡ್ತಿದ್ಲು ಅಂತಾನೆ. ಮದುವೆ ದಿನಾನೂ ಅಂದ. ನಂಗೂ ಉರಿಯುತ್ತೆ ಕಣೇ. ನಿಂಗೊಬ್ಳಿಗೇನಾ?"

ಪೆನ್ನು ಕೆಳಗಿಟ್ಟೆ.

"ಇನ್ನರ್ಧ?" ಕೇಳಿದೆ.

"ಇನ್ನರ್ಧ ನೀನು ಬಂದ ಮೇಲೆ ಹೇಳ್ತೀನಿ. ಒಂದ್ಸಲ ಅತ್ತಿಗೆ ಅನ್ನು ನೋಡೋಣ. ನಾಲಿಗೆ ಹೊರಳಲ್ಲ ಅಲ್ವಾ ನಿಂಗೆ?"

ಹೊರಳಲಿಲ್ಲ. ಇಬ್ಬರೂ ನಕ್ಕೆವು. ನಾನೂ.

ಜೂನ್ 18. ದೋಣಿಯಲ್ಲಿ

ಅಕ್ಷರ ಸೊಟ್ಟ, ಅಲೆ. ಹಡಗು ಕೊಲ್ಲಿಯ ಬಾಯಲ್ಲಿ ನಿಂತಿದೆ. ಥರ್ಕೆಲ್ ದಂಪತಿ ಮುಂದಿನ ದೋಣಿಯಲ್ಲಿ ಹೋದರು.

ಮರಳಿನವರೆಗೆ ಕೆಜಿಯಾ ಒಬ್ಬಳೇ ಬಂದಳು. ಬಿಸಿ ಪ್ಯಾಸ್ಟಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಅಣ್ಣ ಯಂತ್ರದ ಕೋಣೆಯಲ್ಲಿ, ಕೆಲಸವಿದೆಯಂತೆ. ಬಾಗಿಲಲ್ಲಿ ನಿಂತು ಹೋಗಿ ಬರ್ತೀನಿ ಅಂದಾಗ ಮುಳ್ಳು ನೋಡುತ್ತಲೇ ತಲೆಯಾಡಿಸಿದ್ದ.

ಅರ್ಧ ದಾರಿ ಬಂದಿದ್ದೇವೆ — ಯಾರೋ ಗುಡ್ಡ ಇಳಿದು ಓಡುತ್ತಿದ್ದಾರೆ. ಅವನೇ. ಟೋಪಿಯಿಲ್ಲ. ಏನೋ ಕೂಗುತ್ತಿದ್ದಾನೆ. ಗಾಳಿ ಆ ಕಡೆಗೆ, ಕೇಳಿಸುವುದಿಲ್ಲ.

ದೋಣಿಯವನು ಹುಟ್ಟು ನಿಲ್ಲಿಸಿದ. "ತಿರುಗಿಸ್ಲಾ ಮಿಸ್ಸಮ್ಮ?"

"ಬೇಡ. ನಡೀರಿ."

ನೀರಿಗೆ ಇಳಿದಿದ್ದಾನೆ. ಮೊಣಕಾಲಿನವರೆಗೆ, ಬೂಟು ಸಮೇತ. ನನ್ನ ಹಿಂದೆ ಅವನು ಓಡಿ ಬಂದದ್ದು ಇದೇ ಮೊದಲು. ಇಷ್ಟು ವರ್ಷ ಹಿಂದೆ ಹೋದವಳು ನಾನೇ. ತಿರುಗಿ ನೋಡಬಾರದು ಎಂದಿದ್ದೆ. ನೋಡಿದೆ. ಹಿತವಾಯಿತು, ಸುಳ್ಳೇಕೆ ಬರೆಯಲಿ.

ಕೈ ಎತ್ತಿದೆ. ಅವನೂ ಎತ್ತಿದ. ಈಗ ಕೆಜಿಯಾ ನೀರಿಗೇ ಇಳಿದು ಅವನ ತೋಳು ಹಿಡಿದುಕೊಂಡು ಏನೋ ಹೇಳುತ್ತಿದ್ದಾಳೆ, ಅವನು ಅವಳ ಕಡೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದಾನೆ. ಹಡಗಿನ ಏಣಿ ಬಂತು, ಪುಸ್ತಕ ಮುಚ್ಚಬೇಕು.